ಎಡಗಡೆಯ ಎಂಟು ಪೌಂಡು

ಎಂಜಿನ್ನಿನ ತಂಟೆಗೆ ತುಕ್ರ ಹೋಗುವವನಲ್ಲ. ಚಕ್ರಕ್ಕೂ ಚಾಸಿಗೂ ನಡುವೆ ಇರುವ ಒಂದು ಮೊಳ ಜಾಗ, ಅಷ್ಟೇ ಅವನ ರಾಜ್ಯ. ದೋಹಾದ ಸನಯ್ಯಾ ಅಂದರೆ ಗ್ಯಾರೇಜು, ಗೋದಾಮು, ಕಬ್ಬಿಣದ ಧೂಳು. ಅಲ್ಲಿ ಇಪ್ಪತ್ತಾರು ವರ್ಷ ಗಾಡಿಗಳ ಕೆಳಗೆ ಅಂಗಾತ ಮಲಗಿ ಅವನು ಆ ಒಂದು ಮೊಳವನ್ನು ಓದಲು ಕಲಿತಿದ್ದ. ಯಾವ ಗಾಡಿ ಯಾವ ಕಡೆಗೆ ವಾಲುತ್ತದೆ, ಅದರ ಯಜಮಾನ ಹೊಂಡ ಕಂಡರೆ ಬ್ರೇಕು ಒತ್ತುವವನೋ ಹಾರಿಸುವವನೋ, ಎಲ್ಲವನ್ನೂ ಸ್ಪ್ರಿಂಗಿನ ಪಟ್ಟಿ ನೋಡಿಯೇ ಹೇಳುತ್ತಿದ್ದ. ಏಪ್ರಿಲ್ ತಿಂಗಳಿಗೆ ಅವನ ವೀಸಾ ಮುಗಿಯುತ್ತಿತ್ತು. ಅದರ ಮೇಲೆ ಬಂಟ್ವಾಳದ ಹತ್ತಿರದ ಊರಿಗೆ ಹೋಗಿ ಕೂರುವುದು ಎಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಬಂದದ್ದು ಆ ದೇಶದವನೇ ಆದ ಮುಬಾರಕನ ಟ್ರಕ್ಕು.

ಅದು ಅರುವತ್ತು ವರ್ಷಕ್ಕೂ ಹಳೆಯ ಅಮೆರಿಕದ ಗಾಡಿ. ಗುಂಡಗಿನ ಮೂತಿ, ತಗ್ಗು ಸಮುದ್ರದ ಬಣ್ಣ, ಹಿಂದೆ ತೆರೆದ ತೊಟ್ಟಿ. ಮುಬಾರಕ್ ಎರಡು ವರ್ಷ ಕೂತು ಅದಕ್ಕೆ ಹೊಸ ಎಂಜಿನ್ನು, ಹೊಸ ಸೀಟು, ಹೊಸ ಬಣ್ಣ ಹಾಕಿಸಿದ್ದ. ಉಳಿದದ್ದು ಸ್ಪ್ರಿಂಗು. ಅವನ ತಂದೆ ಎಂಬತ್ತನಾಲ್ಕರ ಮುದುಕರು, ದುಖಾನ್ ಎಂಬ ಊರಿನಲ್ಲಿದ್ದರು. ಒಂದು ಕಾಲದಲ್ಲಿ ಅಲ್ಲಿಯ ಎಣ್ಣೆ ಬಾವಿಗಳ ಸುತ್ತ ಕೆಲಸದವರನ್ನು ಸಾಗಿಸುತ್ತಿದ್ದುದು ಇದೇ ಟ್ರಕ್ಕಿನಲ್ಲಿ, ಓಡಿಸುತ್ತಿದ್ದುದು ಅವರೇ. ಈಗ ಅವರದು ಗಾಲಿ ಕುರ್ಚಿ. ಟ್ರಕ್ಕಿನ ಮೆಟ್ಟಿಲು ಮೊಣಕಾಲಿನ ಎತ್ತರಕ್ಕೆ ಇತ್ತು. ಮೂಟೆ ಎತ್ತಿದ ಹಾಗೆ ತನ್ನನ್ನು ಎತ್ತಿ ಹಾಕುವುದಕ್ಕೆ ಮುದುಕರು ಒಪ್ಪುತ್ತಿರಲಿಲ್ಲ. ಹಾಗಾಗಿ ಟ್ರಕ್ಕೇ ಕೂರಬೇಕು ಎಂದ ಮುಬಾರಕ್. ಒಂಟೆ ಕೂರುವ ಹಾಗೆ ಕೂರಬೇಕು, ಬಾಬಾ ಹತ್ತಿದ ಮೇಲೆ ಏಳಬೇಕು. ಆ ಶುಕ್ರವಾರವೇ ಅವರನ್ನು ಒಂದು ಸುತ್ತು ಕರೆದುಕೊಂಡು ಹೋಗಬೇಕು. ವೈದ್ಯರು ಹೇಳಿದ್ದನ್ನೂ ಅವನು ಮುಚ್ಚಿಡಲಿಲ್ಲ. ತಂದೆಯ ಎಲುಬು ಒಣಗಿದ ಹಪ್ಪಳದ ಹಾಗಾಗಿದೆ, ಒಂದು ಕುಲುಕಾಟ ಸಾಕು. ಆದ್ದರಿಂದಲೇ ನಿನ್ನ ಕೈಗೆ ಕೊಡುತ್ತಿದ್ದೇನೆ ಎಂದು ಹೇಳಿ ಹೋದ.

ತುಕ್ರ ಹಳೆಯ ಪಟ್ಟಿ ಸ್ಪ್ರಿಂಗುಗಳನ್ನೆಲ್ಲ ಬಿಚ್ಚಿದ. ನಾಲ್ಕು ಮೂಲೆಗೆ ನಾಲ್ಕು ರಬ್ಬರಿನ ಗಾಳಿಚೀಲ ಕೂರಿಸಿದ. ಸೀಟಿನ ಹಿಂದೆ ಗಾಳಿ ತುಂಬುವ ಕಂಪ್ರೆಸರು, ಒಂದು ಟ್ಯಾಂಕು, ಅಲ್ಲಿಂದ ನಾಲ್ಕು ಚೀಲಕ್ಕೆ ನಾಲ್ಕು ಕೊಳವೆ. ಡ್ಯಾಶ್‌ಬೋರ್ಡಿನ ಕೆಳಗೆ ನಾಲ್ಕು ಸ್ವಿಚ್ಚು, ಅವುಗಳ ಮೇಲೆ ಮುಳ್ಳು ಇರುವ ನಾಲ್ಕು ಗೇಜು. ಮೇಲಕ್ಕೆ ಒತ್ತಿದರೆ ಆ ಮೂಲೆ ಏಳುತ್ತದೆ, ಕೆಳಕ್ಕೆ ಒತ್ತಿದರೆ ಉಸಿರು ಬಿಟ್ಟು ಕೂರುತ್ತದೆ. ಗೇಜಿನ ಮುಳ್ಳು ಸುಳ್ಳು ಹೇಳುವುದಿಲ್ಲ. ಗಾಡಿ ಎದ್ದಿರಲಿ ಕೂತಿರಲಿ, ಆ ಮೂಲೆಯ ಮೇಲೆ ಎಷ್ಟು ಭಾರ ಕೂತಿದೆಯೋ ಅದಕ್ಕೆ ತಕ್ಕ ಗಾಳಿಯ ಒತ್ತಡವನ್ನು ಪೌಂಡಿನಲ್ಲಿ ತೋರಿಸುತ್ತದೆ. ಹಿಂದಿನ ಆಕ್ಸಲಿಗೆ ಜಾಗ ಮಾಡಲು ಚಾಸಿಯನ್ನು ಕೊರೆದು ಬೆಸುಗೆ ಹಾಕಿದವನು ಕಬೀರ್. ಉಪ್ಪಿನಂಗಡಿ ಕಡೆಯ ಬ್ಯಾರಿ, ಗ್ಯಾರೇಜಿನ ವೆಲ್ಡರು, ಮುಐದರ್ ಬಡಾವಣೆಯ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ತುಕ್ರನ ಪಕ್ಕದ ಮಂಚದವನು.

ಸೋಮವಾರ ಮಧ್ಯಾಹ್ನ ಕೆಲಸ ಮುಗಿಯಿತು. ಕಬೀರ್ ನಮಾಜಿಗೆ ಹೋಗಿದ್ದ. ಗ್ಯಾರೇಜಿನಲ್ಲಿ ತುಕ್ರ ಒಬ್ಬನೇ. ಗಾಳಿ ತುಂಬಿ ಟ್ರಕ್ಕು ಮೊದಲ ಸಲ ತನ್ನ ಕಾಲ ಮೇಲೆ ನಿಂತಾಗ ಅದರ ಹಳೆಯ ಕಬ್ಬಿಣದ ವಾಸನೆ, ಬಿಸಿಯಾದ ರೆಕ್ಸಿನ್ನಿನ ವಾಸನೆ ಒಟ್ಟಿಗೆ ಅವನ ಮೂಗಿಗೆ ಬಂತು. ಅವನ ಅಪ್ಪ ಹಂಚಿನ ಕಾರ್ಖಾನೆಯ ಲಾರಿ ಓಡಿಸುತ್ತಿದ್ದ. ಅದಕ್ಕೂ ಇದೇ ವಾಸನೆ. ಲಾರಿಗೆ ಹೊಸ ಸ್ಪ್ರಿಂಗು ಹಾಕಿದ ದಿನ ಅಪ್ಪ ಅದನ್ನು ಖಾಲಿಯಾಗಿ ಎಬ್ಬಿಸುತ್ತಿರಲಿಲ್ಲ. ಮೊದಲು ಎಡಗಡೆಯ ಬಾಗಿಲು ತೆರೆದು, ಒಂದು ಬೊಗಸೆ ನೀರು ಚೆಲ್ಲಿ, ಮನೆ ಕಾಯುವ ದೈವವನ್ನು ಮೆಲ್ಲಗೆ ಕರೆಯುತ್ತಿದ್ದ. ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಕಾದು ಬಾಗಿಲು ಹಾಕುತ್ತಿದ್ದ. ಕಾಯುವವರು ಪಕ್ಕದಲ್ಲಿ ಕೂತರು ಎಂದು ಲೆಕ್ಕ. ಮನೆಗೆ ಮರಳಿದಾಗ ಅದೇ ಬಾಗಿಲು ತೆರೆದು ಇಳಿಯಲು ಹೇಳುತ್ತಿದ್ದ.

ಕೊಲ್ಲಿಯಲ್ಲಿ ತುಕ್ರ ಇದನ್ನು ಒಮ್ಮೆಯೂ ಮಾಡಿದವನಲ್ಲ. ಅಲ್ಲಿ ಬರುತ್ತಿದ್ದುದು ರಿಪೇರಿ ಗಾಡಿಗಳು. ಇದು ಹಾಗಲ್ಲ, ಹೊಸ ಹುಟ್ಟು ಪಡೆದ ಗಾಡಿ, ತನ್ನ ಕೈಯ ಕೊನೆಯ ಕೆಲಸ. ಮನಸ್ಸು ಏನು ಹೇಳಿತೋ, ಕೈ ತಾನಾಗಿ ಹೋಗಿ ಎಡಗಡೆಯ ಬಾಗಿಲು ತೆರೆಯಿತು. ಬಾಟಲಿಯ ನೀರನ್ನು ಅಂಗೈಗೆ ಹಾಕಿ ಚೆಲ್ಲಿದ. "ಬಲೆ, ಕುಲ್ಲುಲೆ" ಎಂದ ತುಳುವಿನಲ್ಲಿ. ಬನ್ನಿ, ಕೂತುಕೊಳ್ಳಿ. ಸ್ವಲ್ಪ ಹೊತ್ತು ನಿಂತ. ಬಾಗಿಲು ಹಾಕಿದ.

ಕಂಪ್ರೆಸರು ಆಫ್ ಆಗಿಯೇ ಇತ್ತು. ಆದರೂ ಎಲ್ಲೋ ರಬ್ಬರು ಮೆಲ್ಲಗೆ ಕಿರುಗುಟ್ಟಿತು. ಕಿಟಕಿಯಿಂದ ಇಣುಕಿ ನೋಡಿದರೆ ಎಡ ಮುಂದಿನ ಗೇಜಿನ ಮುಳ್ಳು ಐವತ್ನಾಲ್ಕರಲ್ಲಿದ್ದದ್ದು ಅರುವತ್ತೆರಡಕ್ಕೆ ಬಂದು ನಿಂತಿತ್ತು.

ಗೇಜೇ ಹಾಳು ಎಂದುಕೊಂಡ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ.

ಮಂಗಳವಾರ ಇಡೀ ದಿನ ಅದರ ಹಿಂದೆಯೇ ಹೋಯಿತು. ಎಡದ ಗೇಜನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ. ಮುಳ್ಳುಗಳು ಸ್ಥಳ ಬದಲಿಸಿದವು, ಎಂಟು ಪೌಂಡು ಎಡದಲ್ಲೇ ಉಳಿಯಿತು. ಕೊಳವೆ ಬದಲಿಸಿದ. ಸೋಪಿನ ನೀರು ಹಚ್ಚಿ ಎಲ್ಲ ಜಾಯಿಂಟು ನೋಡಿದ, ಒಂದೇ ಒಂದು ಗುಳ್ಳೆ ಏಳಲಿಲ್ಲ. ಚೀಲವನ್ನೇ ಬಿಚ್ಚಿ ಹೊಸತು ಹಾಕಿದ. ಕೊನೆಗೆ ನಾಲ್ಕು ಚಕ್ರದ ಕೆಳಗೆ ನಾಲ್ಕು ತೂಕದ ಹಲಗೆ ಇಟ್ಟು ತೂಗಿದ. ಎಡ ಮುಂದಿನ ಚಕ್ರದ ಮೇಲೇ ಹೆಚ್ಚು. ಟ್ರಕ್ಕಿನ ಎಡಭಾಗ ಒಂದು ಬೆರಳಗಲ ತಗ್ಗಿತ್ತು, ಯಾರೋ ಕೂತ ಗಾಡಿಯ ಹಾಗೆ.

"ಎಂತ ಮಾರಾಯ, ನೀನು ಇಳಿದು ಹೋದರೂ ನಿನ್ನ ಹೊಟ್ಟೆ ಸೀಟಲ್ಲೇ ಉಳೀತದಾ?" ಎಂದು ಕಬೀರ್ ಕೇಳಿದ.

ತುಕ್ರ ನಗಲಿಲ್ಲ. ಕಬೀರನನ್ನು ಬಲಗಡೆಯಿಂದ ಹತ್ತಲು ಹೇಳಿದ. ಬಲದ ಮುಳ್ಳು ಒಂಬತ್ತು ಪೌಂಡು ಏರಿತು. ಕಬೀರ್ ಎಂಬತ್ತು ಕಿಲೋ ಆಸಾಮಿ. ಇಳಿಯಲು ಹೇಳಿದ, ಮುಳ್ಳು ತನ್ನ ಜಾಗಕ್ಕೆ ಬಂತು. ಆಮೇಲೆ ತಾನು ಎಡಗಡೆಯಿಂದ ಹತ್ತಿ ಸ್ಟೇರಿಂಗಿನ ಹಿಂದೆ ಕೂತ. ಎಡದ ಮುಳ್ಳು ಅರುವತ್ತೆರಡರಿಂದ ಎಪ್ಪತ್ತಕ್ಕೆ ಹೋಯಿತು. ತನ್ನ ಭಾರ ಎಂಟು ಪೌಂಡು. ಮೊದಲೇ ಅಲ್ಲಿದ್ದ ಭಾರವೂ ಎಂಟು ಪೌಂಡು. ಹೊಸ ಸೀಟು ಹೊರಗೆ ನಿಂತ ಫೆಬ್ರವರಿಯ ಗಾಳಿಗಿಂತ ತಣ್ಣಗಿತ್ತು. ಬೆನ್ನಿಗೆ ಒರಗು ತಾಗಲಿಲ್ಲ, ತಾಗುವುದಕ್ಕೆ ಮೊದಲೇ ಏನೋ ಇದ್ದ ಹಾಗೆ. ತುಕ್ರ ಅವಸರ ಮಾಡದೆ, ಮೈ ಮುಟ್ಟದ ಹಾಗೆ ಮೆಲ್ಲಗೆ ಇಳಿದ. ಕಬೀರ್ ಗೇಜನ್ನೇ ನೋಡುತ್ತಿದ್ದ. ಅವನ ತುಟಿ ಅಲುಗುತ್ತಿತ್ತು, ತಮಾಷೆಗಲ್ಲ, ಪ್ರಾರ್ಥನೆಗೆ.

ಬುಧವಾರ ಬೆಳಿಗ್ಗೆ ಚಾಯದ ಹೊತ್ತಿಗೆ ತುಕ್ರ ಊರಿನ ಅಕ್ಕನಿಗೆ ಫೋನು ಮಾಡಿದ. ಪೂವಕ್ಕ ಅವನಿಗಿಂತ ಹನ್ನೆರಡು ವರ್ಷ ಹಿರಿಯಳು. ಅಪ್ಪ ಹೋದ ಮೇಲೆ ಮನೆಯ ದೈವದ ದೀಪ, ಸತ್ತವರಿಗೆ ಬಡಿಸುವುದು, ಎಲ್ಲ ಅವಳದೇ. ಮಾಡಿದ್ದನ್ನು ತುಕ್ರ ಒಂದೂ ಬಿಡದೆ ಹೇಳಿದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಯಾವ ಬಾಗಿಲು ತೆರೆದದ್ದು ಎಂದಷ್ಟೇ ಕೇಳಿದಳು.

"ಎಡದ್ದು. ಅಪ್ಪ ತೆಗೀತಾ ಇದ್ದದ್ದೇ."

"ನೀನು ಮೊನ್ನೆ ಕಳಿಸಿದ ವೀಡಿಯೋದಲ್ಲಿ ಸ್ಟೇರಿಂಗು ಎಡಕ್ಕೇ ಉಂಟಲ್ಲ ಮಗಾ."

ತುಕ್ರನ ಕೈಯಲ್ಲಿದ್ದ ಚಾಯದ ಲೋಟ ಅಲ್ಲೇ ನಿಂತಿತು. ಇಪ್ಪತ್ತಾರು ವರ್ಷದಿಂದ ಅವನು ಎಡಕ್ಕೆ ಕೂತೇ ಗಾಡಿ ಓಡಿಸುತ್ತಿದ್ದ. ಆದರೆ ಆ ಹೊತ್ತಿಗೆ ಅವನ ಕೈ ಊರಿನ ಕೈಯಾಗಿತ್ತು. ಊರಲ್ಲಿ ಎಡಗಡೆ ಅಂದರೆ ಪಕ್ಕದಲ್ಲಿ ಕೂರುವವರ ಜಾಗ. ಇಲ್ಲಿ ಅದು ಓಡಿಸುವವನ ಜಾಗ.

"ಹಾಗಾದರೆ ನೀನು ಕೂರಿಸಿದ್ದಲ್ಲ ತುಕ್ರಾ. ಗಾಡಿಯನ್ನೇ ಅವರ ಕೈಗೆ ಕೊಟ್ಟದ್ದು" ಎಂದಳು ಪೂವಕ್ಕ.

ಅವಳು ಮತ್ತೂ ಹೇಳಿದಳು. ಊರಿನ ಅಂಗಳದಲ್ಲಿ ಹೆಸರು ಹೇಳದೆ ಕರೆದರೂ ಬರುವವರು ನಮ್ಮವರೇ, ಅಂಗಳ ಯಾರದ್ದೆಂದು ಅವರಿಗೆ ಗೊತ್ತು. ಅಲ್ಲಿ ಯಾರ ಅಂಗಳ? ಯಾರಿಗೆ ಕೇಳಿತೋ ಅವರು ಬಂದಿದ್ದಾರೆ. ಕರೆದು ಕೂರಿಸಿದವರನ್ನು ಬೈದು ದೂಡುವ ಹಾಗಿಲ್ಲ. ಅವರಿಗೆ ಹೋಗಬೇಕಾದ ಜಾಗ ಒಂದು ಇರುತ್ತದೆ. ಅಲ್ಲಿಗೆ ಹೋಗಲಿ, ಅಲ್ಲಿ ಬಾಗಿಲು ತೆರೆದು ಇಳಿಯಲು ಹೇಳು. ಕೂರಿಸಿದವನೇ ಇಳಿಸಬೇಕು.

ತುಕ್ರನಿಗೆ ಕಣ್ಣ ಮುಂದೆ ಬಂದದ್ದು ಶುಕ್ರವಾರ. ಹಪ್ಪಳದಂಥ ಎಲುಬಿನ ಮುದುಕರು ಬಲಗಡೆ ಕೂತಿರುತ್ತಾರೆ. ಮಗ ಎಡಗಡೆ ಕೂತು ತಾನೇ ಓಡಿಸುತ್ತಿದ್ದೇನೆ ಎಂದುಕೊಂಡಿರುತ್ತಾನೆ. ಸ್ಟೇರಿಂಗು ಇನ್ನೊಬ್ಬರ ಕೈಯಲ್ಲಿರುತ್ತದೆ. ಗುರುವಾರ ಟ್ರಕ್ಕನ್ನು ಟ್ರೇಲರಿನಲ್ಲಿ ದುಖಾನಿಗೆ ಕಳಿಸುವುದೆಂದು ಮೊದಲು ಮಾತಾಗಿತ್ತು. ಬೇಡ, ನಾನೇ ಓಡಿಸಿ ತರುತ್ತೇನೆ, ದಾರಿಯಲ್ಲಿ ಹೇಗೆ ಹೋಗುತ್ತದೆಂದು ನೋಡಬೇಕು ಎಂದು ಮುಬಾರಕನಿಗೆ ಹೇಳಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಮಂಜು. ಅಲ್ಲಿ ಚಳಿಗಾಲದಲ್ಲಿ ಕೆಲವು ದಿನ ಸಮುದ್ರದಿಂದ ಮಂಜು ಎದ್ದು ಬಂದು ಮರಳಿನ ಮೇಲೆ ಮಲಗಿಬಿಡುತ್ತದೆ. ಹತ್ತು ಗಂಟೆಯಾದರೂ ಸೂರ್ಯ ತಟ್ಟೆಯ ಹಾಗೆ ಬಿಳಿಯಾಗಿ ತೇಲುತ್ತಿದ್ದ. ತುಕ್ರ ಎಡದ ಬಾಗಿಲು ತೆರೆದು, ಸ್ವಲ್ಪ ಜಾಗ ಕೊಡಿ, ನಾನು ಕಾಲು ಮಾತ್ರ ಒತ್ತುತ್ತೇನೆ ಎಂದು ತುಳುವಿನಲ್ಲಿ ಹೇಳಿ ಹತ್ತಿದ. ಕಬೀರ್ ಗ್ಯಾರೇಜಿನ ಪಿಕಪ್ಪಿನಲ್ಲಿ ಹಿಂದೆಯೇ ಹೊರಟ. ಬರುವುದಿಲ್ಲ ಎಂದು ಎರಡು ಸಲ ಹೇಳಿ, ಮೂರನೆಯ ಸಲ ತಾನೇ ಕೀಲಿ ತೆಗೆದುಕೊಂಡು ಬಂದಿದ್ದ.

ದುಖಾನಿನ ರಸ್ತೆ ನೇರ. ಟ್ರಕ್ಕು ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಇಷ್ಟು ಒಳ್ಳೆಯ ಕೆಲಸ ತಾನು ಹಿಂದೆ ಮಾಡಿರಲಿಲ್ಲ ಎಂದು ತುಕ್ರನಿಗೆ ಅನ್ನಿಸಿತು, ಆ ಭಯದ ನಡುವೆಯೂ. ಸ್ಟೇರಿಂಗಿನ ಮೇಲೆ ಕೈ ಇಟ್ಟಿದ್ದನೇ ಹೊರತು ಹಿಡಿದಿರಲಿಲ್ಲ. ಅದು ಸರಿಯಾಗಿಯೇ ನಡೆಯುತ್ತಿತ್ತು. ಮುಂದಿನ ಗಾಡಿ ನಿಧಾನಿಸಿದರೆ ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು, ಮತ್ತೆ ಗೆರೆಯೊಳಗೆ ಬರುತ್ತಿತ್ತು. ಹೊಸಬನ ಓಟವಲ್ಲ ಅದು. ಆದರೆ ಸ್ವಲ್ಪ ಅವಸರ ಇತ್ತು.

ಅರುವತ್ತು ಕಿಲೋಮೀಟರು ಆದ ಮೇಲೆ, ಫಲಕವಿಲ್ಲದ ಒಂದು ಕಡೆ ಸ್ಟೇರಿಂಗು ಬಲಕ್ಕೆ ತಿರುಗಿತು. ತುಕ್ರ ತಡೆಯಲಿಲ್ಲ. ಡಾಂಬರು ಬಿಟ್ಟು ಜಲ್ಲಿಕಲ್ಲಿನ ನೆಲಕ್ಕೆ ಇಳಿದರೂ ಟ್ರಕ್ಕು ಕುಲುಕಲಿಲ್ಲ. ಫೋನು ಹೊಡೆದುಕೊಂಡಿತು. ದಾರಿ ತಪ್ಪಿದೆ, ಎಲ್ಲಿಗೆ ಹೋಗುತ್ತಿದ್ದಿ ಎಂದು ಕಬೀರ್ ಕೇಳುತ್ತಿದ್ದ. ತಪ್ಪಿದ್ದಲ್ಲ, ನೀನು ದೀಪ ಹಾಕಿಕೊಂಡು ಹಿಂದೆಯೇ ಬಾ ಎಂದ ತುಕ್ರ.

ಮಂಜಿನಲ್ಲಿ ಮುಂದೆ ಹತ್ತು ಮಾರು ಮಾತ್ರ ಕಾಣುತ್ತಿತ್ತು. ಎರಡು ಮೈಲಿ ಹೋಗಿರಬೇಕು. ಅಲ್ಲಿ ಸುಣ್ಣಕಲ್ಲಿನ ಒಂದು ಚಿಕ್ಕ ದಿಬ್ಬ, ಅದರ ನೆರಳು ಬೀಳುವ ಕಡೆ ಗಾಳಿಗೆ ಅಡ್ಡವಾಗಿ ಪೇರಿಸಿದ ಕಲ್ಲಿನ ಸಾಲು. ಮನುಷ್ಯರು ಕೈಯಿಂದ ಪೇರಿಸಿದ್ದು. ಸೊಂಟದೆತ್ತರ ಇತ್ತು, ಈಗ ಅರ್ಧ ಕುಸಿದಿತ್ತು. ಟ್ರಕ್ಕು ಅದರ ಪಕ್ಕಕ್ಕೆ ಹೋಗಿ ನಿಂತಿತು. ತುಕ್ರ ಸ್ವಿಚ್ಚು ಮುಟ್ಟಿರಲಿಲ್ಲ. ನಾಲ್ಕು ಚೀಲಗಳೂ ಒಟ್ಟಿಗೆ ಉಸಿರು ಬಿಟ್ಟವು, ಟ್ರಕ್ಕು ಹೊಟ್ಟೆ ನೆಲಕ್ಕೆ ತಾಗುವಷ್ಟು ಕೂತಿತು.

ಇದೇ ಜಾಗ ಎಂದುಕೊಂಡು ತುಕ್ರ ಇಳಿದ. ಎಡದ ಬಾಗಿಲನ್ನು ಅಗಲ ತೆರೆದು ಹಿಡಿದ. "ಜಪ್ಪುಲೆ" ಎಂದ. ಇಳಿಯಿರಿ. ನಿಮ್ಮ ಜಾಗ ಬಂತು.

ಎಡದ ಮುಳ್ಳು ಅಲುಗಲಿಲ್ಲ. ಅಲುಗಿದ್ದು ಬಲದ್ದು. ಬಲಗಡೆಯ ಬಾಗಿಲು ಮುಚ್ಚಿಯೇ ಇತ್ತು. ಆದರೂ ಅತ್ತ ಕಡೆಯ ಸೀಟು ಕಿರುಗುಟ್ಟಿತು, ಮುಳ್ಳು ಏಳು ಪೌಂಡು ಮೇಲೆ ಹೋಗಿ ನಡುಗಿ ನಿಂತಿತು. ಆಮೇಲೆ ಹಿಂದಿನ ತೊಟ್ಟಿಯ ತಗಡು ಒಮ್ಮೆ ಗುಡುಗಿತು, ಕಾಲಿಟ್ಟ ಹಾಗೆ. ಹಿಂದಿನ ಎಡದ ಮುಳ್ಳು ಏರಿತು. ಸ್ವಲ್ಪ ಬಿಟ್ಟು ಇನ್ನೊಮ್ಮೆ ಗುಡುಗಿತು. ಹಿಂದಿನ ಬಲದ ಮುಳ್ಳು ಏರಿತು. ಅವಸರವಿಲ್ಲದೆ, ಒಬ್ಬರ ಹಿಂದೆ ಒಬ್ಬರು, ಕೈ ಕೊಟ್ಟು ಎತ್ತಿಕೊಂಡ ಹಾಗೆ. ಮರಳಿನ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

ಇಳಿಸಲೆಂದು ಬಂದವನು ಮೂವರನ್ನು ಹತ್ತಿಸಿಕೊಂಡಿದ್ದ. ಓಡಿಹೋಗಬಹುದಿತ್ತು. ಹಿಂದೆ ಹತ್ತು ಮಾರು ದೂರದಲ್ಲಿ ಪಿಕಪ್ಪಿನ ದೀಪ ಮಂಜಿನಲ್ಲಿ ಹಳದಿಯಾಗಿ ಕಾಣುತ್ತಿತ್ತು. ಓಡಿದರೆ ಟ್ರಕ್ಕು ತಾನಾಗಿ ದುಖಾನಿಗೆ ಹೋಗಿ ಮುದುಕರ ಮನೆಯ ಮುಂದೆ ನಿಲ್ಲುತ್ತದೆ ಎಂಬುದರಲ್ಲಿ ತುಕ್ರನಿಗೆ ಸಂಶಯವಿರಲಿಲ್ಲ. ಹತ್ತಿ ಕೂತ. ಕಂಪ್ರೆಸರು ಗೊಣಗಿ, ಭಾರ ಎತ್ತಿಕೊಂಡು ಟ್ರಕ್ಕು ಎದ್ದಿತು. ದುಖಾನಿನವರೆಗೂ ಅವನು ಬಲಕ್ಕೆ ತಲೆ ತಿರುಗಿಸಲಿಲ್ಲ, ಕನ್ನಡಿಯನ್ನೂ ನೋಡಲಿಲ್ಲ.

ಮುದುಕರ ಮನೆ ಕಂಪನಿಯ ಕ್ವಾರ್ಟರ್ಸುಗಳನ್ನು ದಾಟಿ ಊರ ಅಂಚಿನಲ್ಲಿತ್ತು. ಮುಬಾರಕ್ ಗೇಟಿನ ಹತ್ತಿರವೇ ಕಾಯುತ್ತಿದ್ದ. ಅವನ ಪಕ್ಕದಲ್ಲಿ ಗಾಲಿ ಕುರ್ಚಿಯಲ್ಲಿ, ಕಂದು ಉಣ್ಣೆಯ ಶಾಲಿನೊಳಗೆ ಮುದುಕರು. ಕೆಲವು ತಿಂಗಳಿಂದ ಬಾಬಾ ಮಾತೇ ಕಡಿಮೆ ಮಾಡಿದ್ದಾರೆ ಎಂದು ಮುಬಾರಕ್ ಮೊದಲೇ ಹೇಳಿದ್ದ. ಟ್ರಕ್ಕು ಒಳಗೆ ಬಂದಾಗ ಮಗನ ಮುಖ ಅರಳಿತು. ಮುದುಕರು ಬಣ್ಣ ನೋಡಲಿಲ್ಲ, ಮೂತಿ ನೋಡಲಿಲ್ಲ. ಅದು ತಗ್ಗಿ, ತುಂಬಿದ ಗಾಡಿ ಬರುವ ಹಾಗೆ ಬರುತ್ತಿದ್ದುದನ್ನು ನೋಡಿದರು. ಲೈನಿನ ಗಾಡಿ ಓಡಿಸಿದವರ ಕಣ್ಣು ಅದು. ತುಕ್ರ ಇಳಿದು ಬಂದು ಸಲಾಂ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ ಮಾತು.

"ಕಮ್ ನಫರ್?"

ಎಷ್ಟು ಜನ. ತುಕ್ರ ಮಗನ ಮುಖ ನೋಡದೆ, ನಾಲ್ಕು ಬೆರಳು ಎತ್ತಿ ತೋರಿಸಿದ.

ಮುದುಕರು ತಲೆಯಾಡಿಸಿದರು, ಬಹಳ ದಿನದಿಂದ ಗೊತ್ತಿದ್ದ ಲೆಕ್ಕ ಸರಿಹೋದವರ ಹಾಗೆ. ಆಮೇಲೆ ನಿಧಾನವಾಗಿ, ತುಕ್ರನಿಗೆ ತಿಳಿಯುವಂಥ ಸುಲಭದ ಅರಬಿಯಲ್ಲಿ ಹೇಳಿದರು. ಅವರಿಗೆ ಆಗ ಇಪ್ಪತ್ತೆರಡು ವರ್ಷ. ಅಳತೆಯ ಕೆಲಸಕ್ಕೆ ಮೂವರನ್ನು ಸುಣ್ಣಕಲ್ಲಿನ ಒಂದು ದಿಬ್ಬದ ಹತ್ತಿರ ಇಳಿಸಿ, ಕ್ಯಾಂಪಿನಿಂದ ನೀರು ತರಲು ತಾವೂ ತಮ್ಮ ಹೆಲ್ಪರೂ ಹೊರಟಿದ್ದರು. ಧೂಳಿನ ಬಿರುಗಾಳಿ ಎದ್ದಿತು, ಟ್ರಕ್ಕು ಹೂತಿತು. ಗಾಡಿ ಬಿಟ್ಟು ಹೋಗಬಾರದು ಎಂದು ತಾವು ಕೂತರು. ಅವರು ಕಾಯುತ್ತಿರುತ್ತಾರೆ, ಯಾರಾದರೂ ಹಿಂದೆ ಹೋಗಲೇಬೇಕು ಎಂದು ಹೆಲ್ಪರು ಚರ್ಮದ ಚೀಲದಲ್ಲಿದ್ದ ಅಷ್ಟೇ ನೀರು ಹೊತ್ತು ನಡೆದ. ಎರಡು ದಿನದ ಮೇಲೆ ಹುಡುಕಿದವರಿಗೆ ಸಿಕ್ಕಿದ್ದು ಟ್ರಕ್ಕು, ತಾವು. ಉಳಿದವರು ಸಿಗಲಿಲ್ಲ. ಮುಂದೆ ಕಂಪನಿ ಟ್ರಕ್ಕು ಮಾರಿದಾಗ ತಾವೇ ತೆಗೆದುಕೊಂಡರು. ಇನ್ನೊಬ್ಬರು ಅದನ್ನು ಓಡಿಸುವುದು ಬೇಡವೆಂದು ಶೆಡ್ಡಿನಲ್ಲಿಟ್ಟರು.

ಮುಬಾರಕ್ ತಂದೆಯ ಭುಜದ ಮೇಲೆ ಕೈ ಇಟ್ಟು ನಿಂತಿದ್ದ. ಅವನಿಗೆ ಇದು ಮೊದಲ ಸಲ ಕೇಳುವ ಮಾತು ಎಂದು ಮುಖವೇ ಹೇಳುತ್ತಿತ್ತು. ಬಾಬಾ, ಒಳಗೆ ಹೋಗೋಣ, ಚಳಿ ಇದೆ ಎಂದ. ಮುದುಕರು ಬೇಡವೆಂದರು. ನಾಳೆಯೂ ಬೇಡ, ಈಗ. ಇವರನ್ನು ಕ್ಯಾಂಪಿಗೆ ಮುಟ್ಟಿಸಬೇಕು.

ಕ್ಯಾಂಪು ಇದ್ದ ಜಾಗ ಮನೆಯಿಂದ ಕೂಗಳತೆಯಲ್ಲಿತ್ತು, ಈಗ ಬರೀ ಬಯಲು. ಮುದುಕರು ಟ್ರಕ್ಕಿಗೆ ಹತ್ತಲಿಲ್ಲ. ಜಾಗ ಇಲ್ಲ, ತುಂಬಿದೆ ಎಂದರು. ಗಾಲಿ ಕುರ್ಚಿಯನ್ನು ಮಗ ತಳ್ಳಿದ. ಅದರ ಪಕ್ಕಕ್ಕೆ, ನಡೆಯುವವರ ವೇಗದಲ್ಲಿ, ತುಕ್ರ ಟ್ರಕ್ಕು ತಂದ. ಮಂಜು ಆಗಷ್ಟೇ ಹರಿಯುತ್ತಿತ್ತು. ಹಳೆಯ ಕಾಂಕ್ರೀಟು ನೆಲ ಒಂದು ಮೂಲೆಯಲ್ಲಿ ಕಂಡಿತು, ಒಂದು ಕಾಲದಲ್ಲಿ ಊಟದ ಶೆಡ್ಡು ಇದ್ದಿರಬೇಕು. ಅಲ್ಲಿ ನಿಲ್ಲಿಸಿ ತುಕ್ರ ಸ್ವಿಚ್ಚು ಒತ್ತಿದ, ಟ್ರಕ್ಕು ಕೂತಿತು. ಎರಡೂ ಬಾಗಿಲು ತೆರೆದ, ಹಿಂದಿನ ತಗಡು ಇಳಿಸಿದ. ಮುದುಕರು ಶಾಲಿನಿಂದ ಕೈ ಹೊರಗೆ ತೆಗೆದು ಟ್ರಕ್ಕಿನ ಮೈಯನ್ನು ಎರಡು ಸಲ ತಟ್ಟಿದರು.

"ಯಲ್ಲಾ," ಎಂದರು. "ಬಂತು."

ತೊಟ್ಟಿ ಗುಡುಗಿತು. ಮತ್ತೊಮ್ಮೆ ಗುಡುಗಿತು. ಹಿಂದಿನ ಎರಡು ಮುಳ್ಳು ಕೆಳಗೆ ಬಂದವು. ಬಲದ ಸೀಟು ಕಿರುಗುಟ್ಟಿತು, ಆ ಮುಳ್ಳೂ ಐವತ್ನಾಲ್ಕಕ್ಕೆ ಬಂತು. ಮುಬಾರಕನ ಉದ್ದ ನಿಲುವಂಗಿಯ ಅಂಚು ಯಾರೋ ಪಕ್ಕದಿಂದ ಹಾದುಹೋದ ಹಾಗೆ ಅಲುಗಿತು. ಗಾಳಿ ಇರಲಿಲ್ಲ. ಅವನು ತಂದೆಯ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದ.

ಎಡದ ಮುಳ್ಳು ಮಾತ್ರ ಅರುವತ್ತೆರಡರಲ್ಲೇ ಇತ್ತು.

ಮುದುಕರು ಕಾದರು. ಮತ್ತೆ ತಟ್ಟಿದರು. ಮುಳ್ಳು ಅಲುಗಲಿಲ್ಲ. ಅವರು ತುಕ್ರನ ಕಡೆಗೆ ತಿರುಗಿ, ಅವನು ನನ್ನ ಹೆಲ್ಪರು, ಅವನಿಗೆ ನನ್ನ ಮಾತು ಸರಿಯಾಗಿ ಬರುತ್ತಿರಲಿಲ್ಲ ಎಂದರು. ಹಾಯಿ ಹಡಗಿನಲ್ಲಿ ಅಡುಗೆಯವನಾಗಿ ಬಂದವನು. ನಿನ್ನ ಕಡೆಯವನು, ಮಂಗಳೂರು ಎನ್ನುತ್ತಿದ್ದ. ಹೆಸರು ಚೆನ್ನು. ನೀನೇ ಹೇಳು.

ತುಕ್ರ ತೆರೆದ ಬಾಗಿಲ ಮುಂದೆ ನಿಂತುಬಿಟ್ಟ. ಯಾರ ಅಂಗಳ ಎಂದು ಪೂವಕ್ಕ ಕೇಳಿದ್ದಳು. ಅಂಗಳವೇ ಇಲ್ಲದವನೊಬ್ಬ ಅರುವತ್ತು ವರ್ಷ ಈ ಕಬ್ಬಿಣದ ಹತ್ತಿರ ಕೂತಿದ್ದ. ಸೋಮವಾರ ಮಧ್ಯಾಹ್ನ ಅವನಿಗೆ ಅವನದೇ ಭಾಷೆಯಲ್ಲಿ ಯಾರೋ ಬನ್ನಿ ಎಂದರು, ಕೈಗೆ ಸ್ಟೇರಿಂಗನ್ನೂ ಕೊಟ್ಟರು. ಸಿಕ್ಕಿದ ಕೂಡಲೇ ಅವನು ಮಾಡಿದ ಮೊದಲ ಕೆಲಸ, ಆ ಮೂವರನ್ನು ಕರೆತರಲು ಹೋದದ್ದು.

"ಚೆನ್ನಣ್ಣ, ಜಪ್ಪುಲೆ" ಎಂದ. ದನಿ ತನ್ನದೇ ಅನ್ನಿಸಲಿಲ್ಲ.

ಮುಳ್ಳು ಹಾಗೆಯೇ ಇತ್ತು. ಇರುವುದೇ ಸಹಜ. ಉಳಿದವರಿಗೆ ಇದು ಮುಟ್ಟಬೇಕಾದ ಜಾಗ. ಇವನು ಇಲ್ಲಿ ಇಳಿದು ಎಲ್ಲಿಗೆ ಹೋಗಬೇಕು?

ಇನ್ನೊಂದು ಮಾತು ಉಳಿದಿತ್ತು, ಅದು ಏನೆಂದು ತುಕ್ರನಿಗೆ ಗೊತ್ತಿತ್ತು. ಅದನ್ನು ಆಡಿದರೆ ಆಮೇಲೆ ಹಿಂದೆ ತೆಗೆದುಕೊಳ್ಳಲು ಬರುವುದಿಲ್ಲ. ನಮ್ಮ ಮನೆಗೆ ಬನ್ನಿ ಎಂದು ಸತ್ತವನೊಬ್ಬನನ್ನು ಕರೆದರೆ ಅವನು ಮನೆಯವನೇ ಆಗುತ್ತಾನೆ. ವರ್ಷಕ್ಕೊಮ್ಮೆ ಎಲೆ ಹಾಕಬೇಕು, ಹೆಸರು ಹಿಡಿದು ಬಡಿಸಬೇಕು, ತನ್ನ ಕಾಲದ ನಂತರ ಮಕ್ಕಳೂ ಮಾಡಬೇಕು. ಏಪ್ರಿಲಿನವರೆಗೆ ಮುಐದರಿನ ಕೋಣೆಯಲ್ಲಿ, ಆಮೇಲೆ ವಿಮಾನದಲ್ಲಿ, ಆಮೇಲೆ ಬಾಣಂತಿ ಮಗಳು ಇರುವ ಮನೆಯಲ್ಲಿ. ಯಾರ ಮಗ, ಯಾವ ಮನೆಯವನು, ಸಿಟ್ಟಿನವನೋ ಸಮಾಧಾನದವನೋ, ಒಂದೂ ಗೊತ್ತಿಲ್ಲ.

ಅವನು ಗಾಲಿ ಕುರ್ಚಿಯ ಕಡೆ ನೋಡಿದ. ಮುದುಕರ ಕಾಲು ಕುರ್ಚಿಯ ಕಾಲುಹಲಗೆಯ ಮೇಲೆ ಒಣ ಕಡ್ಡಿಯ ಹಾಗೆ ಇತ್ತು. ನಾಳೆ ಅವರು ಈ ಗಾಡಿಗೆ ಹತ್ತುವವರು.

ತುಕ್ರ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಭುಜಕ್ಕೆ ಹಾಕಿಕೊಂಡ. ಕ್ಯಾಬಿನ್ನಿನೊಳಗೆ ತಲೆ ಬಾಗಿಸಿ, ಮನೆಯ ಹಿರಿಯರೊಡನೆ ಮಾತಾಡುವ ದನಿಯಲ್ಲಿ, ತುಳುವಿನಲ್ಲಿ ಹೇಳಿದ.

"ಚೆನ್ನಣ್ಣ, ಇದು ನಿಮ್ಮ ಗಾಡಿಯಲ್ಲ. ಕೆಲಸ ಮುಗಿಯಿತು, ಎಲ್ಲರೂ ಮುಟ್ಟಿದರು. ನನ್ನೊಟ್ಟಿಗೆ ಬನ್ನಿ. ಊರಿಗೆ ಹೋಗುವಾ."

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಡಗಡೆಯ ಚೀಲ ಬಹಳ ದಿನ ಬಿಗಿ ಹಿಡಿದಿದ್ದ ಉಸಿರನ್ನು ಬಿಟ್ಟ ಹಾಗೆ ಸದ್ದು ಮಾಡಿತು. ಟ್ರಕ್ಕಿನ ಎಡಭಾಗ ಒಂದು ಬೆರಳಗಲ ಮೇಲೆ ಬಂತು. ಮುಳ್ಳು ಐವತ್ನಾಲ್ಕು. ತುಕ್ರನ ಎಡ ಭುಜಕ್ಕೆ, ಬಟ್ಟೆಯ ಮೇಲೆ, ತಣ್ಣಗೆ ಏನೋ ತಾಗಿ ಅಲ್ಲಿಯೇ ಉಳಿಯಿತು.

ಮುದುಕರು ಕಣ್ಣು ಮುಚ್ಚಿಕೊಂಡು, ಖಲಾಸ್ ಎಂದರು. ತುಕ್ರ ಮುಬಾರಕನಿಗೆ ನಾಲ್ಕು ಸ್ವಿಚ್ಚುಗಳನ್ನು ತೋರಿಸಿಕೊಟ್ಟ. ತಂದೆಯನ್ನು ಹತ್ತಿಸುವಾಗ ಪೂರ್ತಿ ಇಳಿಸು, ಎತ್ತುವಾಗ ಹಿಂದಿನದನ್ನು ಮೊದಲು ಎತ್ತು, ವೇಗ ನಲವತ್ತು ದಾಟಿಸಬೇಡ ಎಂದ. ಮುಬಾರಕ್ ಎಲ್ಲಕ್ಕೂ ತಲೆಯಾಡಿಸಿದ. ಕೀಲಿ ತೆಗೆದುಕೊಳ್ಳುವಾಗ, ಈಗ ಖಾಲಿಯೇ ಎಂದು ಪಿಸುಗುಟ್ಟಿ ಕೇಳಿದ. ಗೇಜು ನೋಡಿಕೋ, ಅದು ಸುಳ್ಳು ಹೇಳುವುದಿಲ್ಲ ಎಂದ ತುಕ್ರ.

ಕಬೀರ್ ರಸ್ತೆಯ ಬದಿಯಲ್ಲಿ ಪಿಕಪ್ಪು ನಿಲ್ಲಿಸಿಕೊಂಡು ಸ್ಟೇರಿಂಗಿನ ಹಿಂದೆಯೇ ಕೂತಿದ್ದ. ಬಯಲಿನಲ್ಲಿ ನಡೆದದ್ದಷ್ಟೂ ಗಾಜಿನಿಂದ ಕಂಡಿತ್ತು. ತುಕ್ರ ಬಂದು ಬಲಗಡೆಯಿಂದ ಹತ್ತಿದ. ಮೂವರು ಕೂರುವ ಉದ್ದ ಸೀಟು ಅದು. ತುಕ್ರ ಬಾಗಿಲಿಗೆ ಒತ್ತಿಕೊಂಡು, ಮೈ ಮುದುಡಿ ಕೂತ. ಅಷ್ಟು ಇಕ್ಕಟ್ಟು ಮಾಡಿಕೊಳ್ಳುವ ಅಗತ್ಯ ಇರಲಿಲ್ಲ. ಕಬೀರ್ ಅವನನ್ನು ನೋಡಿದ, ನಡುವಿನ ಖಾಲಿ ಜಾಗವನ್ನು ನೋಡಿದ.

"ಊರು ಎಲ್ಲಿಯಂತೆ?" ಎಂದು ಕೇಳಿದ.

"ಮಂಗಳೂರು ಅಂತ ಮಾತ್ರ ಗೊತ್ತು. ದಾರಿಯಲ್ಲಿ ಕೇಳುವಾ."

ನಡುವೆ ಕಬೀರನ ಊಟದ ಡಬ್ಬಿ, ನೀರಿನ ಬಾಟಲಿ, ಗ್ಯಾರೇಜಿನ ಬಿಲ್ಲು ಪುಸ್ತಕ ಬಿದ್ದಿದ್ದವು. 'ಬಿಸ್ಮಿಲ್ಲಾ' ಎಂದುಕೊಂಡು ಅವನು ಒಂದೊಂದನ್ನೇ ಎತ್ತಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟ. ಸೀಟಿನ ಧೂಳನ್ನು ಅಂಗೈಯಿಂದ ಸವರಿದ. ಆಮೇಲೆ ಮೊಣಕೈ ಯಾರಿಗೂ ತಾಗದ ಹಾಗೆ ಗೇರು ಹಾಕಿ, ದೋಹಾದ ಕಡೆಗೆ ಹೊರಟ.